ಮೂವತ್ತಮೂರು ಇಂಚಿನ ಟೈರು

"ಪೂರ್ತಿ ಎಡಕ್ಕೆ ತಿರುಗಿಸಿ ಡಾಕ್ಟ್ರೇ! ಇನ್ನೂ... ಇನ್ನೂ... ಸಾಕು!"

ಗಾಳಿ ಮಾಮ ಕೂಗಿದ. ಅಮ್ಮ ಸ್ಟೀರಿಂಗ್ ತಿರುಗಿಸುವುದನ್ನು ನಿಲ್ಲಿಸಿದಳು. ಮಗಳು ಇಂಚು ನೆಲಕ್ಕೆ ಬಾಗಿ, ಜೀಪಿನ ಮುಂದಿನ ಚಕ್ರದ ಸಂದಿಗೆ ಟಾರ್ಚ್ ಬಿಟ್ಟಳು. ಅಳತೆ ನೋಡಲೆಂದು ಹಾಕಿದ್ದ ಹೊಸ ಟೈರಿನ ಅಂಚಿಗೆ ಅವಳೇ ಬಳಿದಿದ್ದ ಸೀಮೆಸುಣ್ಣ, ಮಡ್‌ಗಾರ್ಡಿನ ಒಳಗೆ ಬೆಳ್ಳಗೆ ಗೆರೆ ಎಳೆದಿತ್ತು.

"ಉಜ್ಜುತ್ತೆ ಮಾಮ!"

"ನಾನು ಹೇಳ್ಲಿಲ್ವಾ? ಮೂವತ್ಮೂರು ಇಂಚಿನದು ಹಾಕ್ಬೇಕು ಅಂದ್ರೆ ಮಡ್‌ಗಾರ್ಡ್ ಸ್ವಲ್ಪ ಕತ್ತರಿಸ್ಬೇಕು. ಮೂವತ್ತೊಂದಾದ್ರೆ ಹಾಗೇ ಕೂರುತ್ತೆ. ಬೆಟ್ಟದ ದಾರಿಗೆ ಅದೇ ಧಾರಾಳ."

ಟೈರ್ ಅಂಗಡಿಯವನನ್ನು ಬೀದಿಯವರೆಲ್ಲ ಗಾಳಿ ಮಾಮ ಎಂದೇ ಕರೆಯುತ್ತಿದ್ದರು. ಐದನೇ ಕ್ಲಾಸಿನ ಈ ಹುಡುಗಿಗೆ ಇಂಚು ಎಂದು ಹೆಸರಿಟ್ಟವನೂ ಅವನೇ. ಅವಳ ಜೇಬಿನಲ್ಲಿ ಸದಾ ಅಳತೆಯ ಟೇಪು. ಕಂಡದ್ದನ್ನೆಲ್ಲ ಅಳೆಯುವುದೇ ಕೆಲಸ. ಪಾಪ, ಬೆಕ್ಕಿನ ಬಾಲವನ್ನೂ ಬಿಟ್ಟಿರಲಿಲ್ಲ.

ಆದರೆ ಈ ಸಲದ ಅಳತೆ ಆಟವಲ್ಲ. ಅಮ್ಮ ದನದ ಡಾಕ್ಟರು. ಹೋದ ತಿಂಗಳು ಬೆಟ್ಟದ ದಾರಿಯಲ್ಲಿ ಜೀಪಿನ ಹೊಟ್ಟೆ ಬಂಡೆಗೆ ಬಡಿದು, ಆಯಿಲ್ ಎಲ್ಲ ಸೋರಿ ಗಾಡಿ ನಿಂತುಬಿಟ್ಟಿತ್ತು. ಅಮ್ಮ ನಡೆದುಕೊಂಡು ತಲುಪುವಷ್ಟರಲ್ಲಿ ಕಾಯಿಲೆ ಬಿದ್ದಿದ್ದ ಕರು ಸತ್ತಿತ್ತು. ಆ ದಿನ ಅಮ್ಮ ಊಟ ಮಾಡಲಿಲ್ಲ. ಹೋದ ವಾರ ಸ್ಪ್ರಿಂಗ್ ಬದಲಾಯಿಸಿ ಜೀಪನ್ನು ಎರಡು ಇಂಚು ಎತ್ತರಿಸಿದ್ದಾಗಿತ್ತು. ಈಗ ಟೈರಿನ ಸರದಿ.

"ಎರಡರಲ್ಲಿ ಯಾವುದಾದ್ರೂ ನನಗೆ ನಡೆಯುತ್ತೆ" ಎಂದಳು ಅಮ್ಮ. "ಶನಿವಾರ ನೀನೇ ಹೇಳು ಇಂಚು. ನೀನು ಹೇಳಿದ್ದೇ ಫೈನಲ್."

ಇಂಚುವಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೂವತ್ಮೂರು! ಸ್ಕೂಲಿನ ಮುಂದೆ ಅಂಥ ಜೀಪಿನಿಂದ ಇಳಿದರೆ ಕ್ಲಾಸಿನವರೆಲ್ಲ ಬಾಯಿ ಬಿಟ್ಟುಕೊಂಡು ನೋಡಬೇಕು.

ಊಟದ ಹೊತ್ತಿನಲ್ಲೂ ಅದೇ ಮಾತು. "ಈಗಿರೋದು ಇಪ್ಪತ್ತೊಂಬತ್ತು ಅಜ್ಜಿ. ಮೂವತ್ಮೂರು ಹಾಕಿದ್ರೆ ಜೀಪು ಇನ್ನೂ ಎರಡು ಇಂಚು ಮೇಲೆ ಹೋಗುತ್ತೆ!"

"ಹೌದಾ? ಹಾಕಿಸು ಮಗಳೇ, ಚೆನ್ನಾಗಿರುತ್ತೆ" ಎಂದ ಅಜ್ಜಿ, ಮೆಲ್ಲಗೆ ಮೊಣಕಾಲು ನೀವಿಕೊಂಡಳು.

ಪ್ರತಿ ಭಾನುವಾರ ಅಜ್ಜಿ ಜೀಪಿನಲ್ಲಿ ತನ್ನ ತಂಗಿಯನ್ನು ನೋಡಲು ಹೋಗುತ್ತಿದ್ದಳು. ಚಿಕ್ಕಜ್ಜಿ ಊರಾಚೆಯ ವೃದ್ಧರ ಆರೈಕೆ ಕೇಂದ್ರದಲ್ಲಿದ್ದಳು. ಅವಳ ಮಾತು ನಿಂತು ಎರಡು ವರ್ಷವಾಗಿತ್ತು. ಅಜ್ಜಿ ತನ್ನ ತಲೆ ಬಾಚುವಾಗ ಮಾತ್ರ ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು. ಮೊನ್ನೆ ಭಾನುವಾರ ಮೊದಲ ಸಲ ಅಜ್ಜಿ, "ಯಾಕೋ ತಲೆನೋವು, ನಾನು ಬರಲ್ಲ" ಎಂದುಬಿಟ್ಟಿದ್ದಳು.

ಶುಕ್ರವಾರ ಸ್ಕೂಲು ಬೇಗ ಬಿಟ್ಟಿತು. ಇಂಚು ಹಿತ್ತಿಲ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು.

ಅಜ್ಜಿ ಬಟ್ಟೆ ಒಗೆಯುವ ಜಾಗದಲ್ಲಿ ಇಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿದ್ದಳು. ಒಂದು ಕೈಯಲ್ಲಿ ನಲ್ಲಿಯ ಪೈಪು ಹಿಡಿದು ಬಲಗಾಲು ಎತ್ತಿದಳು. ಕಾಲು ಮೇಲಿನ ಇಟ್ಟಿಗೆಯನ್ನು ಮುಟ್ಟಲಿಲ್ಲ. ಇನ್ನೊಂದು ಕೈಯಿಂದ ಮೊಣಕಾಲನ್ನು ಹಿಡಿದೆತ್ತಿ ಅದರ ಮೇಲಿಟ್ಟಳು. ತುಟಿ ಕಚ್ಚಿಕೊಂಡು ಏರಿದಳು. ಇಳಿದಳು. ಉಸಿರು ಬಿಟ್ಟು, ಇನ್ನೊಂದು ಇಟ್ಟಿಗೆ ತೆಗೆದುಕೊಳ್ಳಲು ಬಾಗಿದಳು.

ಆ ಇನ್ನೊಂದು ಇಟ್ಟಿಗೆ ಯಾತಕ್ಕೆ ಎಂದು ಇಂಚುವಿಗೆ ಗೊತ್ತಾಯಿತು. ಸದ್ದು ಮಾಡದೆ ಹಿಂದೆ ಸರಿದು ಜೀಪಿನ ಹತ್ತಿರ ಹೋದಳು.

ಜೀಪಿನ ಹೊಟ್ಟೆ ಅಳೆದಿದ್ದಳು, ಬಂಪರ್ ಅಳೆದಿದ್ದಳು, ಚಕ್ರದ ಸಂದಿಯನ್ನೂ ಅಳೆದಿದ್ದಳು. ಹತ್ತುವಾಗ ಕಾಲಿಡುವ ಜಾಗವನ್ನು ಯಾರೂ ಅಳೆದಿರಲಿಲ್ಲ. ಟೇಪು ಹಿಡಿದಳು. ಹತ್ತೊಂಬತ್ತು ಇಂಚು. ತಾನು ಒಂದೇ ನೆಗೆತಕ್ಕೆ ಹತ್ತುತ್ತಿದ್ದ ಜಾಗ ಅದು.

ಶನಿವಾರ ಗಾಳಿ ಮಾಮ ಕೈ ಒರೆಸಿಕೊಳ್ಳುತ್ತಾ ಬಂದ. "ಏನಮ್ಮಾ ಇಂಜಿನಿಯರ್, ಮಡ್‌ಗಾರ್ಡಿಗೆ ಕತ್ತರಿ ಹಾಕೋಣ್ವಾ?"

"ಬೇಡ ಮಾಮ. ಮೂವತ್ತೊಂದೇ ಹಾಕಿ."

"ಅರೇ! ವಾರವೆಲ್ಲ ಮೂವತ್ಮೂರು ಅಂತ ನನ್ನ ತಲೆ ತಿಂದೆ?"

ಅಮ್ಮನೂ ಅವಳ ಮುಖ ನೋಡಿದಳು. ಇಂಚು ಹೊಸ ಟೈರುಗಳ ಕಡೆ ತಿರುಗಿ ನೋಡಲಿಲ್ಲ. ನೋಡಿದರೆ ಆಸೆಯಾಗುತ್ತಿತ್ತು.

"ಬಿಚ್ಚಿದ ಹಳೇ ಟೈರಲ್ಲಿ ಒಂದನ್ನ ನಮಗೇ ಕೊಡಿ ಮಾಮ. ಅದ್ರ ಮೇಲೆ ಗಟ್ಟಿ ಹಲಗೆ ಹಾಕಿ ಬೋಲ್ಟ್ ಮಾಡ್ತೀರಾ? ಅಲ್ಲಾಡಬಾರ್ದು."

"ಯಾತಕ್ಕೆ?"

"ಜೀಪಿನ ಹಿಂದೆ ಇಟ್ಕೊಂಡು ಹೋಗೋಕೆ."

ಅಮ್ಮ ಏನೋ ಕೇಳಲು ಬಾಯಿ ತೆರೆದಳು. ಆಮೇಲೆ ಜೀಪಿನ ಬಾಗಿಲನ್ನು, ಅದರ ಕೆಳಗಿನ ನೆಲವನ್ನು ನೋಡಿದಳು. ಹಲಗೆಯನ್ನು ಅವಳೇ ಆರಿಸಿ ಕೊಟ್ಟಳು.

ಭಾನುವಾರ ಬೆಳಿಗ್ಗೆ ಜೀಪಿನ ಬಾಗಿಲ ಕೆಳಗೆ ಹಲಗೆ ಹೊತ್ತ ಹಳೇ ಟೈರು ಕೂತಿತ್ತು. ಅಜ್ಜಿ ಅದನ್ನು ನೋಡಿದಳು. ಒಂದು ಕಾಲಿಟ್ಟಳು, ಇನ್ನೊಂದನ್ನು ಇಟ್ಟಳು, ಬಾಗಿಲು ಹಿಡಿದು ಸೀಟಿನಲ್ಲಿ ಕೂತಳು. ಮೊಣಕಾಲನ್ನು ಕೈಯಲ್ಲಿ ಎತ್ತಬೇಕಾಗಲಿಲ್ಲ.

ಇಂಚು ಟೈರನ್ನು ಉರುಳಿಸಿಕೊಂಡು ಹೋಗಿ, ಅಮ್ಮನ ಜೊತೆ ಎತ್ತಿ ಹಿಂದೆ ಹಾಕಿ, ಅಜ್ಜಿಯ ಪಕ್ಕಕ್ಕೆ ಬಂದಳು.

"ಮೂವತ್ಮೂರು ಹಾಕಿಸ್ತೀನಿ ಅಂತಿದ್ಯಲ್ಲೇ?" ಅಜ್ಜಿ ಕೇಳಿದಳು.

"ಅದು ಮಡ್‌ಗಾರ್ಡಿಗೆ ಉಜ್ಜುತ್ತೆ ಅಜ್ಜಿ."

"ಹೌದಾ? ನನ್ನ ತಲೆನೋವೂ ಹೋಯ್ತು ನೋಡು" ಎಂದಳು ಅಜ್ಜಿ, ಕಿಟಕಿಯ ಕಡೆ ತಿರುಗಿ.

ಜೀಪು ಹೊರಟಿತು. ಹಿತ್ತಿಲ ಇಟ್ಟಿಗೆಗಳ ವಿಷಯವನ್ನು ಇಂಚು ಯಾರಿಗೂ ಹೇಳಲಿಲ್ಲ. ಅಜ್ಜಿ ಚೀಲದಿಂದ ಬಾಚಣಿಗೆ ತೆಗೆದು, ಅದರ ಹಲ್ಲುಗಳನ್ನು ಒಂದೊಂದಾಗಿ ಒರೆಸತೊಡಗಿದಳು.