ಹದಿನೇಳನೇ ನಿಯಮ

"ಸತ್ತ ಗೊಂಬೆ ಮತ್ತೆ ಏಳಬಾರದು," ಎಂದರು ಶಾಂತವೀರಪ್ಪ, ಪೆನ್ನಿನ ಮುಚ್ಚಳ ತೆಗೆಯದೆ. "ಮಿಕ್ಕಿದ್ದು ಏನ್ ಬೇಕಾದ್ರೂ ಬದಲಾಯಿಸ್ಕೊಳ್ಳಿ. ಹದಿನೇಳನೇ ನಿಯಮ ಮಾತ್ರ ಮುಟ್ಬೇಡಿ."

ಗುರುಸಿದ್ದ ನಗು ತಡೆದುಕೊಳ್ಳಲು ಪಕ್ಕಕ್ಕೆ ತಿರುಗಿದ. ಕುಮಾರಸ್ವಾಮಿ ಲೇಔಟಿನ ಆ ಮನೆಯ ನಡುಮನೆಯಲ್ಲಿ ಮಧ್ಯಾಹ್ನದ ಹೊತ್ತಿಗೂ ಕತ್ತಲೆ. ಪಕ್ಕದ ಸೈಟಿನಲ್ಲಿ ಎದ್ದಿದ್ದ ನಾಲ್ಕಂತಸ್ತಿನ ಕಟ್ಟಡ ಕಿಟಕಿಯ ಬೆಳಕನ್ನೆಲ್ಲ ನುಂಗಿಕೊಂಡಿತ್ತು. ಹಸಿ ಜೇಡಿಮಣ್ಣಿನ ವಾಸನೆ, ಅದರೊಳಗೆ ಬೆರೆತ ಲೋಬಾನದ ಘಾಟು. ಮೇಜಿನ ಮೇಲೆ ಒಂದಿಷ್ಟು ದಾಳಗಳು, ಹೆಬ್ಬೆರಳಿನುದ್ದದ ಐದು ಮಣ್ಣಿನ ಗೊಂಬೆಗಳು, ಹಿತ್ತಾಳೆ ಬೋಗುಣಿಯ ತುಂಬ ನೀರು.

ಶಾಂತವೀರಪ್ಪ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮೂವತ್ತೈದು ವರ್ಷದ ಹಿಂದೆ ಅವರು 'ಕರಿಕೋಟೆ' ಎಂಬ ಆಟ ಕಟ್ಟಿದ್ದರು. ಮೇಜಿನ ಸುತ್ತ ಕೂತು ಒಬ್ಬರು ಕತೆ ಹೇಳಬೇಕು, ಉಳಿದವರು ಆ ಕತೆಯೊಳಗಿನ ಜನರಾಗಿ ದಾಳ ಉರುಳಿಸಬೇಕು. ಮೊದಲು ಪ್ರತಿಯೊಬ್ಬರೂ ತಮ್ಮ ಪಾತ್ರದ ಗೊಂಬೆಯನ್ನು ಮಣ್ಣಿನಲ್ಲಿ ಮಾಡಿ, ಹೆಸರಿಟ್ಟು, ಕೈಗೊಂದು ದಾರ ಕಟ್ಟಬೇಕು. ಪಾತ್ರ ಸತ್ತರೆ ದಾರ ಬಿಚ್ಚಿ, "ಮಣ್ಣು ಮಣ್ಣಿಗೆ" ಎಂದು ಗೊಂಬೆಯನ್ನು ಬೋಗುಣಿಯ ನೀರಿಗೆ ಹಾಕಬೇಕು. ಅದೇ ಹದಿನೇಳನೇ ನಿಯಮ. ಬನಶಂಕರಿ ಸುತ್ತಮುತ್ತಲ ಒಂದು ತಲೆಮಾರಿನ ಹುಡುಗರೇ ಈ ಆಟಕ್ಕೆ ಮರುಳಾಗಿದ್ದರು. ಅದನ್ನು ವಿಡಿಯೋ ಗೇಮ್ ಮಾಡುವ ಲೈಸೆನ್ಸ್ ಕೇಳಲು ಜೆ.ಪಿ. ನಗರದ ಒಂದು ಪುಟ್ಟ ಸ್ಟುಡಿಯೋದ ಒಡತಿ ಜ್ಯೋತ್ಸ್ನಾ ಬಂದಿದ್ದಳು. ಗುರುಸಿದ್ದ ಅವಳಲ್ಲಿ ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು.

"ಸರ್, ವಿಡಿಯೋ ಗೇಮ್‌ನಾಗ ಸತ್ತವರು ಏಳಲಿಲ್ಲಂದ್ರ ಆಡೋರು ಎದ್ದು ಹೋಗ್ತಾರ್ರೀ," ಎಂದ ಗುರುಸಿದ್ದ.

ಮುದುಕರು ನಗಲಿಲ್ಲ. "ನಮ್ಮಜ್ಜಿಯ ಅಕ್ಕ ಲಕ್ಕವ್ವ ಅಂತ. ಮಾಟ ಮಾಡಿ ಹೊಟ್ಟೆ ಹೊರೀತಿದ್ಲು. ಗೊಂಬೆ, ದಾರ, ಹೆಸರು, ಮೂರೇ ಸಾಕಾಗಿತ್ತು ಅವಳಿಗೆ. ಕೊನೆಗಾಲದಲ್ಲಿ ಭಯ ಹತ್ಕೊಂಡ್ತು. ಕಲ್ತಿದ್ದನ್ನ ಮರೆಯೋಕಾಗುತ್ತಾ? ಮಕ್ಕಳಾಟ ಮಾಡಿ ನಮಗೆ ಹಂಚಿದ್ಲು, ಕರಿಕೋಟೆ ಹುಟ್ಟಿದ್ದು ಅದರಿಂದಲೇ. ಬದುಕಿರೋರ ಹೆಸರಿಡಬಾರದು, ಸತ್ತಿದ್ದು ಸತ್ತೇ ಹೋಗ್ಬೇಕು. ಅಷ್ಟರಿಂದ ಅದರ ವಿಷ ಇಳೀತು. ಅದನ್ನ ತೆಗೆದ್ರೆ ಉಳಿಯೋದು ಅವಳ ಹಳೇ ಕಸುಬೇ ಕಣಪ್ಪ."

"ಇಲ್ಲ ಸಾರ್, ಖಂಡಿತ ಮುಟ್ಟಲ್ಲ," ಎಂದು ಜ್ಯೋತ್ಸ್ನಾ ಕಾಗದ ಮುಂದಿಟ್ಟಳು. ಮೇಷ್ಟ್ರು ಸಹಿ ಹಾಕಿದರು. ಹೊರಗೆ ಬಂದು ಬೈಕು ಹತ್ತುವಾಗ ಗುರುಸಿದ್ದ ತಡೆದಿಟ್ಟ ನಗುವನ್ನೆಲ್ಲ ಒಮ್ಮೆಲೇ ಬಿಟ್ಟ.

ಬುದ್ಧಿವಂತರಿಗೆ ಕೇಡು ಬರುವುದು ದಡ್ಡತನದಿಂದಲ್ಲ, ಅವಸರದಿಂದ. ಆರು ತಿಂಗಳು ಕಳೆದಿತ್ತು. ಆಟವನ್ನು ಇಪ್ಪತ್ತೆರಡು ಜನರಿಗೆ ಕಳಿಸಿ, ಅವರವರ ಮನೆಯಲ್ಲೇ ಆಡಿಸಿ ನೋಡುವ ದಿನ ಹತ್ತಿರವಾಗುತ್ತಿತ್ತು. ಸತ್ತಾಗಲೆಲ್ಲ ಹೊಸ ಗೊಂಬೆ ಮಾಡುವ ಕಾಟ ಯಾರಿಗೆ ಬೇಕು? ಈ ಪರೀಕ್ಷೆಗೆ ಮಾತ್ರ, ಆಮೇಲೆ ಸರಿ ಮಾಡಿದರಾಯಿತು ಎಂದುಕೊಂಡು ಗುರುಸಿದ್ದ ಹದಿನೇಳನೇ ನಿಯಮವನ್ನು ಕಿತ್ತು, ಅದರ ಜಾಗದಲ್ಲಿ ಒಂದು ಗುಂಡಿ ಇಟ್ಟ. ಅದರ ಮೇಲೆ 'ಎದ್ದೇಳು' ಎಂದು ಬರೆದ. ಜ್ಯೋತ್ಸ್ನಾಳಿಗೆ ಹೇಳಲಿಲ್ಲ.

ನಾಯಕಿಗೊಂದು ಮುಖ ಬೇಕಾಗಿತ್ತು. ಸುದ್ದಗುಂಟೆಪಾಳ್ಯದ ಬಾಡಿಗೆ ಮನೆಯ ತಾರಸಿಯಲ್ಲಿ ತಂಗಿಯನ್ನು ನಿಲ್ಲಿಸಿ, ಸುತ್ತ ತಿರುಗುತ್ತ ಫೋನಿನಲ್ಲಿ ಮುಖದ ಅಳತೆ ಹಿಡಿದ. ಭಾಗ್ಯಜ್ಯೋತಿ ನಕ್ಕಳು, ಕಿರುಚಿದಳು, ಅದನ್ನೂ ಧ್ವನಿಮುದ್ರಿಸಿಕೊಂಡ. ಗೊಂಬೆಯ ಕೈಗೆ ದಾರ ಬೇಕಲ್ಲ, ಅವಳ ಹಳದಿ ದುಪಟ್ಟಾದ ಒಂದು ಎಳೆ ಕಿತ್ತು ಅದರ ಫೋಟೋ ತೆಗೆದು ಅಂಟಿಸಿದ. ಹೆಸರಿನ ಜಾಗದಲ್ಲಿ, ಮೇಷ್ಟ್ರ ಮುಖ ನೆನೆದು ಮುಸಿಮುಸಿ ನಗುತ್ತ, 'ಭಾಗ್ಯ' ಎಂದು ಒತ್ತಿದ. ಅವ್ವ ತೀರಿಕೊಂಡ ಮೇಲೆ ಆ ಹುಡುಗಿಯ ಜಡೆ ಹೆಣೆದು ಶಾಲೆಗೆ ಕಳಿಸಿದವನು ಇವನೇ. ಲೋಕದಲ್ಲಿ ಇವನಿಗಿದ್ದದ್ದು ಅವಳೊಬ್ಬಳು.

ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಆಟ ಇಪ್ಪತ್ತೆರಡು ಮನೆ ಸೇರಿತು. ಹನ್ನೆರಡೂವರೆಗೆ ಫೋನು ಬಂತು. ಜಯನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ಭಾಗ್ಯಳ ಜೊತೆ ಕೆಲಸ ಮಾಡುವ ಪ್ರಕೃತಿ.

"ಅಣ್ಣ, ಬೇಗ ಬನ್ನಿ. ಭಾಗ್ಯ ಬಿದ್ಬಿಟ್ಲು. ಡಾಕ್ಟ್ರು ನಾಡಿ ಇಲ್ಲ ಅಂದ್ರು. ಆಮೇಲೆ ಎದ್ದು ಕೂತ್ಲು ಅಣ್ಣ. ಈಗ ಮತ್ತೆ..." ಪ್ರಕೃತಿಯ ದನಿ ಅಳುವಾಯಿತು.

ಗುರುಸಿದ್ದ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಓಡಿದ. ಕ್ಲಿನಿಕ್ಕಿನಲ್ಲಿ ಲವಂಗದೆಣ್ಣೆಯ ವಾಸನೆ. ಭಾಗ್ಯ ಸ್ವಾಗತದ ಮೇಜಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೂ ನೀರು ಹಾಕಿರಲಿಲ್ಲ.

"ಯಣ್ಣಾ, ನನಗೇನ್ ಆಗಾಕತ್ತೈತಿ? ಬಾಯಾಗೆಲ್ಲ ಮಣ್ಣಿನ ರುಚಿ."

"ಏನೂ ಆಗಂಗಿಲ್ಲವ್ವಾ. ನಾ ಬಂದೀನಲ್ಲ."

ಅವನ ಮಾತು ಮುಗಿಯುವುದರೊಳಗೆ ಅವಳ ಕುತ್ತಿಗೆ ಹಿಂದಕ್ಕೆ ವಾಲಿತು. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಉಸಿರು ನಿಂತಿತು. ಗುರುಸಿದ್ದ ಎಣಿಸಿದ. ಏಳು ಸೆಕೆಂಡು. ಕುತ್ತಿಗೆ ತಾನಾಗಿ ನೆಟ್ಟಗಾಯಿತು. ಅವಳು ಬಾಯಿ ತೆರೆದು ಗಾಳಿ ಎಳೆದುಕೊಂಡಳು.

ಅವನಿಗೆ ಗುರುತು ಸಿಕ್ಕಿತು. ನೀರು, ಕರಿಕೋಟೆಯ ಬಾವಿಯದು. ಮುರಿದ ಕುತ್ತಿಗೆ, ಕೋಟೆಗೋಡೆಯಿಂದ ಬಿದ್ದದ್ದು. ಆ ಸಾವುಗಳನ್ನೆಲ್ಲ ತಿಂಗಳುಗಟ್ಟಲೆ ಕೂತು, ಒಂದೊಂದನ್ನೂ ತಿದ್ದಿ ತೀಡಿ ಬರೆದವನು ಇವನೇ. ಲ್ಯಾಪ್‌ಟಾಪ್ ತೆರೆದ. ಇಪ್ಪತ್ತೆರಡು ಮನೆಗಳಲ್ಲಿ ಯಾರು, ಎಲ್ಲಿ, ಯಾವಾಗ ಸತ್ತರೆಂಬ ಪಟ್ಟಿ ಅಲ್ಲಿ ಒಂದೇ ಸಮನೆ ಮೇಲಕ್ಕೆ ಸರಿಯುತ್ತಿತ್ತು. ಕೊನೆಯ ಸಾಲು: ಗೋಡೆ. ಅದರ ಮುಂದೆ: ಏಳು ಸೆಕೆಂಡಿನ ನಂತರ ಎದ್ದಿದೆ.

ವೈದ್ಯರು ಆಸ್ಪತ್ರೆಗೆ ಒಯ್ಯಿರಿ ಎಂದರು. ಅವನು ತಂಗಿಯನ್ನು ಎತ್ತಿಕೊಂಡು ಆಟೋ ಹತ್ತಿ ಕುಮಾರಸ್ವಾಮಿ ಲೇಔಟ್ ಎಂದ.

ಬನಶಂಕರಿ ದಾಟುವುದರೊಳಗೆ ಅವಳು ನಾಲ್ಕು ಸಲ ಸತ್ತಳು. ಒಮ್ಮೆ ಮೈಯೆಲ್ಲ ಕಾದು ಚರ್ಮ ಸೀದ ವಾಸನೆ ಬಂತು. ಪ್ರತಿ ಸಲವೂ ಎದ್ದಳು, ಪ್ರತಿ ಸಲವೂ "ಯಣ್ಣಾ" ಎಂದಳು. ಐದನೆಯ ಸಲ ಬಿದ್ದವಳು ಏಳಲಿಲ್ಲ.

ಹತ್ತು ಸೆಕೆಂಡು. ಮೂವತ್ತು. ಒಂದು ನಿಮಿಷ. ಆಟೋ ಸಿಗ್ನಲ್ಲಿನಲ್ಲಿ ನಿಂತಿತ್ತು. ಹಾರ್ನುಗಳ ಕಿರುಚಾಟ. ಗುರುಸಿದ್ದ ಪರದೆ ನೋಡಿದ. ಪಟ್ಟಿ ಸರಿಯುತ್ತಿರಲಿಲ್ಲ. ಗಂಟೆ ಒಂದೂಕಾಲು. ಆಗ ಅವನಿಗೆ ಹೊಳೆಯಿತು. ಆಡುವವರೆಲ್ಲ ಊಟಕ್ಕೆ ಎದ್ದಿದ್ದರು.

"ಒತ್ರೋ! ಯಾರಾರ ಒತ್ರೋ!" ಎಂದು ಅವನು ಬೀದಿಗೆ ಕೇಳುವಂತೆ ಚೀರಿದ. ಆಟೋದವನು ಕನ್ನಡಿಯಲ್ಲಿ ನೋಡಿ ಕಣ್ಣು ತಿರುಗಿಸಿಕೊಂಡ.

ಅವನ ಲ್ಯಾಪ್‌ಟಾಪಿನಲ್ಲೂ ಆಟವಿತ್ತು. ತೆರೆದ. ಭಾಗ್ಯಳ ಮುಖದ ಗೊಂಬೆ, ಹಳದಿ ದಾರ ಕಟ್ಟಿಕೊಂಡು, ಬಾವಿಕಟ್ಟೆಯ ಮೇಲೆ ಅವನನ್ನೇ ನೋಡುತ್ತ ನಿಂತಿತ್ತು. ಬಿದ್ದ ಗೊಂಬೆಗಲ್ಲದೆ 'ಎದ್ದೇಳು' ಗುಂಡಿ ಮೂಡುವುದಿಲ್ಲ. ಎಬ್ಬಿಸಬೇಕೆಂದರೆ ಮೊದಲು ಬೀಳಿಸಬೇಕು. ತೊಡೆಯ ಮೇಲೆ ತಂಗಿಯ ತಣ್ಣನೆಯ ತಲೆ. ಅವನು ಗೊಂಬೆಯನ್ನು ಬಾವಿಗೆ ನೂಕಿದ. ಅವಳದೇ ಕಿರುಚು ಸ್ಪೀಕರಿನಿಂದ ಬಂತು. ಒತ್ತಿದ. ತೊಡೆಯ ಮೇಲಿನ ತಲೆ ಕೆಮ್ಮಿತು.

ಶಾಂತವೀರಪ್ಪ ಬಾಗಿಲಲ್ಲೇ ಎಲ್ಲವನ್ನೂ ಅರ್ಥಮಾಡಿಕೊಂಡರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸರ್, ನಿಮ್ಮ ಕಾಲಿಗೆ ಬೀಳ್ತೀನಿ. ಹದಿನೇಳನೇ ನಿಯಮ ತಿರುಗಿ ಹಾಕ್ತೀನ್ರೀ. ಈಗಲೇ ಹಾಕ್ತೀನಿ."

"ಹಾಕ್ಬೇಡ!" ಮುದುಕರು ಅವನ ಕೈ ಹಿಡಿದರು. "ಈಗ ಹಾಕಿದ್ರೆ ಮುಂದಿನ ಸಲ ಬಿದ್ದೋಳು ಏಳಲ್ಲ. ಬದುಕಿರೋಳ ಹೆಸರು ಕಟ್ಟಿದ್ದೀಯ."

ಜ್ಯೋತ್ಸ್ನಾಳಿಗೆ ಫೋನು ಮಾಡಿದ. ವಿಡಿಯೋದಲ್ಲಿ ಭಾಗ್ಯಳನ್ನು ನೋಡಿ ಅವಳು ಒಂದೂ ಪ್ರಶ್ನೆ ಕೇಳಲಿಲ್ಲ. ಕಾಲು ಗಂಟೆಯಲ್ಲಿ ಇಪ್ಪತ್ತೆರಡು ಜನರಿಗೂ ಆಟ ನಿಲ್ಲಿಸಿ ಎಂದು ಕರೆ ಹೋಯಿತು. ಪಟ್ಟಿ ನಿಂತಿತು. ಭಾಗ್ಯ ಗೋಡೆಗೊರಗಿ ಕಣ್ಣು ಮುಚ್ಚಿದಳು. ಗುರುಸಿದ್ದ ಕೂತಲ್ಲೇ ಅತ್ತುಬಿಟ್ಟ.

ಆಮೇಲೆ ಅವಳ ತುಟಿ ಬಿರಿಯಿತು. ರಕ್ತ ಬರಲಿಲ್ಲ. ಕೆನ್ನೆಯ ಮೇಲೊಂದು ಸೀಳು ಮೂಡಿ ಕಿವಿಯವರೆಗೆ ಸಾಗಿತು, ಬಿಸಿಲಿಗೆ ಇಟ್ಟ ಹಸಿ ಮಡಕೆಯ ಮೇಲೆ ಮೂಡುವ ಹಾಗೆ. ಒಳಗೆ ಕಂಡದ್ದು ಮಾಂಸವಲ್ಲ, ಬೂದು ಮಣ್ಣು. ಮುಟ್ಟಿದರೆ ಬೆರಳಿಗೆ ಪುಡಿ ಅಂಟಿತು.

"ಕಟ್ಟಿದ ಗೊಂಬೆನ ಆಡಿಸದೆ ಬಿಟ್ರೆ ಒಣಗುತ್ತೆ," ಎಂದರು ಮೇಷ್ಟ್ರು.

"ಜ್ಯೋತ್ಸ್ನಾ, ಆಡ್ಲಿಕ್ಕೆ ಹೇಳ್ರಿ! ತಿರುಗಿ ಆಡ್ಲಿ!"

ಪಟ್ಟಿ ಮತ್ತೆ ಸರಿಯತೊಡಗಿತು. ಸೀಳು ಮುಚ್ಚಿತು. ಭಾಗ್ಯ ಮತ್ತೆ ಸತ್ತಳು, ಮತ್ತೆ ಎದ್ದಳು. ಈಗ ಅವಳಿಗೆ "ಯಣ್ಣಾ" ಎನ್ನುವ ಶಕ್ತಿಯೂ ಇರಲಿಲ್ಲ.

"ದಾರ ಬಿಚ್ಚೋದು ಹ್ಯಾಂಗ್ರೀ ಸರ್?"

"ಬಿಚ್ಚೋಕಾಗಲ್ಲ ಕಣಪ್ಪ. ಒಬ್ರ ಕೈಯಿಂದ ಇನ್ನೊಬ್ರ ಕೈಗೆ ಕಟ್ಬಹುದು, ಅಷ್ಟೇ. ಮುಖ, ದಾರ, ಹೆಸರು. ಉಸಿರಾಡೋರದ್ದೇ ಆಗ್ಬೇಕು." ಅವರೇ ಮುಂದುವರಿಸಿದರು, "ನಂದು ಹಾಕು. ನಂಗೆ ಎಪ್ಪತ್ತಾರು."

ಗುರುಸಿದ್ದ ಅವರ ಮುಖ ನೋಡಿದ. ಒಂದು ಕ್ಷಣ, ಸುಳ್ಳು ಯಾಕೆ, ಹೂಂ ಎನ್ನಬೇಕೆನಿಸಿತು. ಆಮೇಲೆ ಲ್ಯಾಪ್‌ಟಾಪಿನ ಕ್ಯಾಮೆರಾವನ್ನು ತನ್ನ ಕಡೆ ತಿರುಗಿಸಿಕೊಂಡ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ಅಂಗಿಯ ತೋಳಿನಿಂದ ನೀಲಿ ಎಳೆಯೊಂದನ್ನು ಕಿತ್ತ. ಭಾಗ್ಯ ಎಂದಿದ್ದಲ್ಲಿ ಅಳಿಸಿ ತನ್ನ ಹೆಸರು ಹೊಡೆದ. ಜ್ಯೋತ್ಸ್ನಾ ಅದನ್ನು ಎಲ್ಲ ಮನೆಗಳಿಗೂ ಕಳಿಸಿದಳು.

ಒಂದು. ಐದು. ಹದಿನಾಲ್ಕು ಮನೆ. ಭಾಗ್ಯ ಬಿದ್ದಳು, ಎದ್ದಳು. ಹತ್ತೊಂಬತ್ತು. ಇಪ್ಪತ್ತೊಂದು. ಬಿದ್ದಳು. ಇಪ್ಪತ್ತೆರಡು.

ಎದ್ದಳು. ನಡುಮನೆಯಿಂದ ಮಣ್ಣಿನ ವಾಸನೆ ಹೊರಟುಹೋಯಿತು. ಅವಳು ನೀರು ಕೇಳಿದಳು. ಮೇಷ್ಟ್ರು ಲೋಟ ತರಲು ಒಳಗೆ ಹೋದರು. ಗುರುಸಿದ್ದ ತಂಗಿಯ ತಲೆ ಸವರಿದ. ಸವರುತ್ತಿದ್ದ ಕೈಯಿಂದ ಬಾವಿಯ ನೀರು ತೊಟ್ಟಿಕ್ಕತೊಡಗಿತು.

ಇದಾಗಿ ನಾಲ್ಕು ತಿಂಗಳು. ಜ್ಯೋತ್ಸ್ನಾ ಆಟವನ್ನು ಬಿಡುಗಡೆ ಮಾಡಲಿಲ್ಲ, ಸ್ಟುಡಿಯೋಗೇ ಬೀಗ ಹಾಕಿದಳು. ಪ್ರಯೋಜನವಾಗಲಿಲ್ಲ. ಇಪ್ಪತ್ತೆರಡರಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಅಷ್ಟರೊಳಗೆ ಗುರುಸಿದ್ದನ ಮುಖವಿದ್ದ ಆಟವನ್ನು ಪ್ರತಿ ಮಾಡಿ ಗೆಳೆಯರಿಗೆ ಹಂಚಿದ್ದ, ಗೆಳೆಯರು ಲೋಕಕ್ಕೆ ಹಂಚಿದ್ದರು. ಎಷ್ಟು ಊರು, ಎಷ್ಟು ಮನೆ, ಯಾರಿಗೂ ತಿಳಿಯದು. ಸುದ್ದಗುಂಟೆಪಾಳ್ಯದ ಆ ಕೋಣೆಯಲ್ಲಿ ಗುರುಸಿದ್ದ ಹಗಲೂ ರಾತ್ರಿ ಬೀಳುತ್ತಾನೆ, ಏಳುತ್ತಾನೆ. ಬಹಳ ಸಲ ಹೆಸರರಿಯದ ಯಾರೋ ಎಬ್ಬಿಸುತ್ತಾರೆ. ಎಬ್ಬಿಸಲು ಯಾರೂ ಇಲ್ಲದ ಹೊತ್ತಿಗೆಂದು ಭಾಗ್ಯ ಕೆಲಸ ಬಿಟ್ಟು ಲ್ಯಾಪ್‌ಟಾಪಿನ ಮುಂದೆ ಕೂತಿರುತ್ತಾಳೆ. ಅವಳು ಮಲಗುವಾಗ ಪ್ರಕೃತಿ, ಪ್ರಕೃತಿ ಹೋದಾಗ ಜ್ಯೋತ್ಸ್ನಾ.

ಹದಿನೇಳನೇ ನಿಯಮ ಬರೆದು ಸಿದ್ಧವಾಗಿದೆ. ಭಾಗ್ಯಳ ಮುಂದಿರುವ ಲ್ಯಾಪ್‌ಟಾಪಿನ ಆಟಕ್ಕೊಂದಕ್ಕೇ ಸೇರಿಸಿದರೂ ಸಾಕು, ಒಂದು ಮೇಜಿನಲ್ಲಿ ಮಣ್ಣಾದ ಗೊಂಬೆ ಬೇರೆಲ್ಲೂ ಏಳದು ಎಂದಿದ್ದಾರೆ ಮೇಷ್ಟ್ರು. ಹಿತ್ತಾಳೆ ಬೋಗುಣಿಯನ್ನೂ ಅವರೇ ತಂದುಕೊಟ್ಟು ಹೋಗಿದ್ದಾರೆ. ಅದು ಕಿಟಕಿಯ ಕೆಳಗೆ ಖಾಲಿ ಇದೆ.

ಇವತ್ತು ಮಧ್ಯಾಹ್ನ ಎರಡು ಸಾವುಗಳ ನಡುವೆ ಅವನಿಗೆ ಮಾತಾಡುವಷ್ಟು ಬಿಡುವು ಸಿಕ್ಕಿತು.

"ಭಾಗ್ಯಾ, ಸಾಕವ್ವಾ. ನಿನಗ ಕೈ ಮುಗೀತೀನಿ. ಈ ಸಲ ಬಿಟ್ಟಬಿಡ. ಮಣ್ಣು ಮಣ್ಣಿಗೆ ಅನ್ನು."

ಅವಳು ಪರದೆಯತ್ತ ತಿರುಗಿದಳು. ಅವನು ಬಿದ್ದ.

ಕತ್ತಲೆ. ತಣ್ಣನೆಯ ನೀರಿನ ತಳ. ನೋವಿಲ್ಲ. ಯಾರೂ ಒತ್ತಲಿಲ್ಲ. ಒಂದು ನಿಮಿಷ ಕಳೆಯಿತು. ಎರಡು. ಎಲ್ಲ ಊರುಗಳೂ ಒಮ್ಮೆಲೇ ಊಟಕ್ಕೆ ಎದ್ದಂತೆ ಎಲ್ಲೆಡೆ ಮೌನ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನ ಮೈ ಹಗುರಾಯಿತು. ಬಿಡ್ತಾಳ, ಬಿಡ್ತಾಳ ನನ್ನವ್ವ, ಎಂದುಕೊಂಡ.

ಮೇಲೆಲ್ಲೋ ದೂರದಲ್ಲಿ ಕೀಬೋರ್ಡಿನ ಸದ್ದು ಕೇಳಿಸಿತು.

"ತಡಿ ಯಣ್ಣಾ," ಎಂದಳು ತಂಗಿ, ಮೂಗು ಒರೆಸಿಕೊಳ್ಳುತ್ತ. "ಎಬ್ಬಸ್ತೀನಿ." ಅವಳು ಅಣ್ಣನ ಮುಖದ ಗೊಂಬೆಯನ್ನು ಬಾವಿಯ ಕಡೆಗೆ ನಡೆಸತೊಡಗಿದಳು.