ಇಪ್ಪತ್ತರ ಮೇಲೆ ಏರಿಸಬೇಡ

ಪ್ರವೀಣನಿಗೆ ತಾಳ್ಮೆ ಇರಲಿಲ್ಲ.

ಚಾಕು ಇತ್ತು. ಅದರ ತುದಿ ನನ್ನ ಕುತ್ತಿಗೆಗೆ ತಾಗುತ್ತಿತ್ತು.

ನಾನು ತಲೆಕೆಳಗಾಗಿದ್ದೆ. ಕಾಲು ಸೀಟಿನ ಮೇಲೆ, ತಲೆ ಡ್ಯಾಶ್‌ಬೋರ್ಡಿನ ಅಡಿ, ಕೈಯಲ್ಲಿ ಟೆಸ್ಟರ್. ಹಾಗೆ ಬಿದ್ದುಕೊಂಡು ಯಾರ ಜೊತೆಗೂ ಜಗಳ ಆಡೋಕಾಗಲ್ಲ, ನೀವೇ ಒಮ್ಮೆ ಮಲಗಿ ನೋಡಿ.

"ಕೀ ಕೊಡು, ದುರ್ಗಿ."

"ಗಾಡಿ ರೆಡಿ ಇಲ್ಲ."

"ಓಡತೈತಲ್ಲ?"

"ಓಡತೈತಿ. ಹಾಡಂಗಿಲ್ಲ."

"ಹಾಡು ಯಾರಿಗೆ ಬೇಕಾಗೈತಿ? ಮೂಕಣ್ಣನ ಮಗನ ಮದುವಿ ಮೆರವಣಿಗಿ ಐತಿ ಇವತ್ತ. ಹುಡುಗ ಇದರಾಗ ನಿಂತಕಂಡು ಹೊಕ್ಕಾನ. ಕೀ!"

ಮಧ್ಯಾಹ್ನ ಎರಡು ಗಂಟೆ. ಹೊಸಪೇಟೆಯ ಸಂಡೂರು ರಸ್ತೆಯಲ್ಲಿ ನನ್ನ ಕಾರ್ ರೇಡಿಯೋ ಅಂಗಡಿ. ಅಕ್ಕಪಕ್ಕದ ಅಂಗಡಿಯವರೆಲ್ಲ ಊಟಕ್ಕೆ ಹೋಗಿದ್ದರು. ಕೀ ಕೊಟ್ಟೆ.

ಕೊಟ್ಟು ಸುಮ್ಮನಿರಬೇಕಿತ್ತು. ಇರಲಿಲ್ಲ.

"ವಾಲ್ಯೂಮ್ ಇಪ್ಪತ್ತರ ಮ್ಯಾಲೆ ಏರಸಬ್ಯಾಡ. ಎಂಜಿನ್ ಬಂದ್ ಆಗತೈತಿ."

ಯಾಕೆ ಹೇಳಿದೆ? ಅಭ್ಯಾಸ! ಗಿರಾಕಿಯಿಂದ ಫಾಲ್ಟ್ ಮುಚ್ಚಿಡೋದು ನನಗೆ ಗೊತ್ತಿಲ್ಲ.

ಕಳ್ಳನಿಂದಲೂ.

ಅವನು ನಕ್ಕ. ರೇಡಿಯೋ ಸೆಟ್ಟನ್ನ ಮುಟ್ಟಲೂ ಇಲ್ಲ. ಕಾರು ಹೋಯಿತು.

ಕಾರು ಜಂಬುನಾಥನದು. ಜಂಬಣ್ಣ ಫ್ಯಾಕ್ಟರಿಯಲ್ಲಿ ವೆಲ್ಡರ್. ಪುಣೆಯಿಂದ ಬಿಡಿಭಾಗದ ಕಿಟ್ ತರಿಸಿ, ಗುಜರಿ ಎಂಜಿನ್ ಕೂರಿಸಿ, ನಾಲ್ಕು ವರ್ಷ ಒಂದೂ ಭಾನುವಾರ ಬಿಡದೆ ಒಬ್ಬನೇ ಜೋಡಿಸಿದ್ದ. ಎರಡು ಸೀಟು. ಮೇಲೆ ಬರೀ ಆಕಾಶ. ಹಳದಿ ಬಣ್ಣದ ಫೈಬರ್ ಬಾಡಿ. ಇನ್ನೊಂದೇ ಬಾಕಿ ಅಂತ ನನ್ನ ಹತ್ತಿರ ತಂದ. ರೇಡಿಯೋ, ಸ್ಪೀಕರ್.

ಬೇರೆ ಕಾರಾದರೆ ಅರ್ಧ ದಿನದ ಕೆಲಸ. ಸೆಟ್ಟಿನ ಕಪ್ಪು ವೈರನ್ನ ಬಾಡಿಯ ಸ್ಕ್ರೂಗೆ ಕಟ್ಟಿದರೆ ಅರ್ತ್ ಸಿಗುತ್ತೆ, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗೋ ದಾರಿ. ಫೈಬರಲ್ಲಿ ಕರೆಂಟ್ ಓಡಲ್ಲ. ಬ್ಯಾಟರಿಗೇ ಹೊಸ ವೈರ್ ಎಳೀಬೇಕು. ಅದಕ್ಕೆ ಒಂದು ತೂತು ಬೇಕು.

"ತೂತ? ಬ್ಯಾಡವಾ."

"ಒಂದೇ ಒಂದು, ಜಂಬಣ್ಣ. ಬೆರಳಷ್ಟು."

"ನನ್ನ ತಲಿಗೆ ಹಾಕು. ಬಾಡಿಗೆ ಬ್ಯಾಡ."

ಸೀಟಿನ ಅಡಿ ತಾನು ಎಳೆದಿದ್ದ ವೈರ್ ತೋರಿಸಿದ. ಎಂಜಿನ್ನಿಗೆ ಪೆಟ್ರೋಲ್ ತಳ್ಳೋ ಫ್ಯೂಯೆಲ್ ಪಂಪಿನ ಅರ್ತ್. ಹೆಬ್ಬೆರಳ ದಪ್ಪದ ಕಪ್ಪು ಕೊಳವೆ, ಒಂದು ಗೇಣು ಹೋಗಿ ಫೈಬರ್ ಒಳಗೆ ಮರೆಯಾಗುತ್ತಿತ್ತು.

"ಇದಕ್ಕ ಕಟ್ಟು. ಭಾಳ ಗಟ್ಟಿ ಐತಿ."

ಕಟ್ಟಿದೆ.

ಅಲ್ಲಿಂದ ಮೂರು ದಿನ ನನ್ನ ಪ್ರಾಣ ಹಿಂಡಿತು! ಛಾವಣಿ ಇಲ್ಲದ ಗಾಡಿ, ಹಾಡೆಲ್ಲ ಗಾಳಿಪಾಲು. ಹಾಗಂತ ಸದ್ದು ಏರಿಸೋ ದೊಡ್ಡ ಆಂಪ್ ಹಾಕಿದೆ. ವಾಲ್ಯೂಮ್ ಇಪ್ಪತ್ತು ದಾಟಿತೋ, ಎಂಜಿನ್ ಬಂದ್. ಸೆಟ್ ಬದಲಿಸಿದೆ. ಬಂದ್. ಬ್ಯಾಟರಿ ಬದಲಿಸಿದೆ. ಬಂದ್. ಫೈಬರ್ ಒಡೆದು ನೋಡೋಣ ಅಂದೆ. ಜಂಬಣ್ಣ ಎರಡು ತಾಸು ನನ್ನ ಜೊತೆ ಮಾತು ಬಿಟ್ಟ.

ಈಗ ಆ ಫಾಲ್ಟೂ ಕಳ್ಳನ ಪಾಲಾಗಿತ್ತು.

ಜಂಬಣ್ಣ ಟೀ ಹಿಡಿದು ಬಂದ. ಖಾಲಿ ಜಾಗ ನೋಡಿದ. ನನ್ನ ಕುತ್ತಿಗೆಯ ರಕ್ತ ನೋಡಿದ.

"ಯಾರು?"

"ಪ್ರವೀಣ. ಸಂಡೂರ ಮೂಕಣ್ಣನ ಅದಿರ ಲಾರಿ ನೋಡಕೊಂತಾನಲ್ಲ, ಅವನು. ಪೊಲೀಸರಿಗೆ ಫೋನ್ ಮಾಡ್ರಿ."

"ಗಾಡಿ ನಂಬರ್ ಕೇಳತಾರ."

ನಂಬರ್ ಇರಲಿಲ್ಲ. ರಿಜಿಸ್ಟ್ರೇಷನ್ ಇಲ್ಲ, ಇನ್ಶೂರೆನ್ಸ್ ಇಲ್ಲ. ಕಾಗದದ ಮೇಲೆ ಆ ಕಾರು ಹುಟ್ಟೇ ಇರಲಿಲ್ಲ. ಹುಟ್ಟದ್ದನ್ನ ಕದ್ದರೆ ಯಾವ ಸ್ಟೇಷನ್‌ನಲ್ಲಿ ಕಂಪ್ಲೇಂಟ್ ತಗೋತಾರೆ? ಸಂಡೂರಲ್ಲಿ ಮೂಕಣ್ಣನ ಲಾರಿ ಯಾರ್ಡ್ ಒಳಗೆ ಹೋಯಿತೋ, ಅದು ಅವನದೇ.

"ಬೈಕ್ ತಗೀರಿ," ಅಂದೆ.

ಜಂಬಣ್ಣ ಓಡಿಸಿದ. ನಾನು ಹಿಂದೆ. ಘಾಟಿನ ಉದ್ದಕ್ಕೂ ಅದಿರು ಲಾರಿಗಳ ಸಾಲು. ಧೂಳಿಗೆ ಕಣ್ಣು, ಮೂಗು, ಹಲ್ಲು, ಎಲ್ಲ ಕೆಂಪು. ಮೂರನೇ ತಿರುವಿನಲ್ಲಿ ಹಳದಿ ಕಂಡಿತು... ಮತ್ತೆ ಲಾರಿ ಅಡ್ಡ. ಮತ್ತೆ ಹಳದಿ.

"ಹಾಡು ಹಚ್ಯಾನೇನು?" ಜಂಬಣ್ಣ ಕೂಗಿದ.

"ಇಲ್ಲ!"

"ಯಾಕ? ಹೊಸಾ ಸೆಟ್ ಐತಲ್ಲ!"

ಬೇಡ ಅಂದಿದ್ದು ನಾನೇ. ನನ್ನ ಹದಿಮೂರು ವರ್ಷದ ಸರ್ವೀಸಲ್ಲಿ ಒಬ್ಬ ಗಂಡಸೂ ನನ್ನ ಮಾತು ಕೇಳಿ ವಾಲ್ಯೂಮ್ ಇಳಿಸಿದ್ದಿಲ್ಲ. ಕೇಳಿದವನು ಇವನೊಬ್ಬ!

ಆಗ ನೆನಪಾಯಿತು. ನನ್ನ ಫೋನು!

ಮೂರು ದಿನದಿಂದ ಆ ಸೆಟ್ಟಿಗೆ ನನ್ನ ಫೋನಿನ ಬ್ಲೂಟೂತ್ ಜೋಡಿಸೇ ಇಟ್ಟಿದ್ದೆ. ಹತ್ತು ಮೀಟರ್ ಹತ್ತಿರ ಹೋದರೆ ಸಾಕು. ವಾಲ್ಯೂಮ್ ನನ್ನ ಕೈಯಲ್ಲಿ!

"ಹತ್ರ ಹೋಗ್ರಿ, ಜಂಬಣ್ಣ!"

"ಎಷ್ಟು ಹತ್ರ?"

"ಉಗುಳಿದರೆ ಅವನಿಗೆ ಬೀಳಬೇಕು!"

ಸಂಡೂರು ಇನ್ನೂ ನಾಲ್ಕು ಕಿಲೋಮೀಟರ್. ರೈಲ್ವೆ ಗೇಟ್ ಬಿದ್ದಿತ್ತು. ಪ್ರವೀಣ ಎಲ್ಲರಿಗಿಂತ ಮುಂದೆ, ಎಂಜಿನ್ ಚಾಲೂ ಇಟ್ಟು ಕೂತಿದ್ದ. ನಾವು ಲಾರಿಗಳ ಸಂದಿಯಲ್ಲಿ ನುಗ್ಗಿದೆವು. ಕಾರಿನೊಳಗಿಂದ ಒಂದು ಹೆಣ್ಣುದನಿ ಕೇಳಿತು.

"ಕನೆಕ್ಟೆಡ್."

ಪ್ರವೀಣ ಬೆಚ್ಚಿ ಸುತ್ತ ನೋಡಿದ.

ಟೆಸ್ಟಿಂಗಿಗೆ ಅಂತ ಇಟ್ಟಿದ್ದ ಡೊಳ್ಳಿನ ಟ್ರ್ಯಾಕ್ ಹಚ್ಚಿದೆ. ಹದಿನೆಂಟು. ಇಪ್ಪತ್ತು. ಇಪ್ಪತ್ತೆರಡು!

ಎಂಜಿನ್ ಓಡುತ್ತಲೇ ಇತ್ತು.

ಇಪ್ಪತ್ತೈದು. ಮೂವತ್ತು. ಲಾರಿ ಡ್ರೈವರುಗಳು ಕ್ಯಾಬಿನ್ನಿಂದ ಇಣುಕಿದರು. ಒಬ್ಬ ಕುಣಿಯೋಕೇ ಶುರು ಮಾಡಿದ. ಎಂಜಿನ್ ಮಾತ್ರ ಗಡಿಯಾರದ ಹಾಗೆ ಓಡುತ್ತಿತ್ತು!

ಫಾಲ್ಟ್ ಅನ್ನೋದೇ ಹಾಗೆ. ಬೇಡ ಅಂದಾಗ ಬರುತ್ತೆ. ಬಾ ಅಂದಾಗ ಅಡಗುತ್ತೆ. ಅಳು ಬಂತು. ನಿಜವಾಗಿ.

"ಬಂದ್ ಆಗವಲ್ದಲ್ಲ!" ಅಂದ ಜಂಬಣ್ಣ.

"ಕಾಣತೈತಿ!"

ಪ್ರವೀಣ ನಮ್ಮನ್ನು ನೋಡಿದ. ಇಳಿದ. ಚಾಕು ಹೊರಗೆ ಬಂತು.

"ಲೇ ಮುದುಕಾ, ವಾಪಸ್ ಹೋಗು. ಇಲ್ಲಾಂದ್ರ ಆಕಿ ಕುತ್ತಿಗಿ ಪೂರಾ ಕೊಯ್ತೀನಿ."

"ಕಾರು ನಂದು," ಅಂದ ಜಂಬಣ್ಣ.

"ಕಾಗದ ತೋರಸು!"

ನಾನು ವಾಲ್ಯೂಮ್ ಕೊನೆಗೆ ತಳ್ಳಿದೆ. ನಲವತ್ತು. ಹಿಂದಿನ ಲಾರಿಯ ಗಾಜು ನಡುಗಿತು.

ಎಂಜಿನ್ ಕೆಮ್ಮಿತು. ಒಂದು ಸಲ. ಎರಡು ಸಲ.

ಬಂದ್!

ಅದೇ ಹೊತ್ತಿಗೆ ಗೇಟ್ ಎದ್ದಿತು. ಲಾರಿಗಳ ಹಾರ್ನು. ಪ್ರವೀಣ ಹಾರಿ ಕೂತು ಕೀ ತಿರುಗಿಸಿದ. ಕರ್... ಕರ್... ಕರ್... ನಾನು ನಕ್ಕೆ. ಮೂರು ದಿನದಲ್ಲಿ ಮೊದಲ ಸಲ.

ನಗು ಅರ್ಧಕ್ಕೇ ನಿಂತಿತು.

ಸೀಟಿನ ಅಡಿಯಿಂದ ಹೊಗೆ. ಸರಿಯಾಗಿ ಆ ವೈರ್ ಫೈಬರ್ ಒಳಗೆ ಮರೆಯಾಗೋ ಜಾಗದಲ್ಲಿ. ಮೊದಲು ಬೆಳ್ಳಗೆ, ಆಮೇಲೆ ಕಪ್ಪಗೆ. ಆಮೇಲೆ ಬೆಂಕಿ. ಮೂರು ದಿನ ಹುಡುಕಿದ ಫಾಲ್ಟ್ ಕೊನೆಗೂ ತನ್ನ ಜಾಗ ತೋರಿಸಿತು.

"ಇಳೀಲೇ ಪ್ರವೀಣ! ಹಿಂದ ಪೆಟ್ರೋಲ್ ಟ್ಯಾಂಕ್ ಐತಿ!" ನಾನು ಕೂಗಿದೆ.

ಇಳಿಯಲಿಲ್ಲ, ಹಾರಿದ. ಚಾಕು ಒಳಗೇ ಉಳಿಯಿತು. ಡ್ರೈವರುಗಳು ಕ್ಯಾನಿನ ನೀರು ಸುರಿದರು. ಜಂಬಣ್ಣ ಲಾರಿ ಹತ್ತಿ ಎರಡೂ ಕೈಯಲ್ಲಿ ಅದಿರಿನ ಪುಡಿ ಬಾಚಿ ಎರಚಿದ. ಫೈಬರ್ ಅದು. ಪುಡಿಗೂ ಬಗ್ಗಲಿಲ್ಲ, ನೀರಿಗೂ ಬಗ್ಗಲಿಲ್ಲ. ಡೊಳ್ಳು ಇನ್ನೂ ಸ್ವಲ್ಪ ಹೊತ್ತು ಬಡಿಯಿತು. ಆಮೇಲೆ ಅದೂ ನಿಂತಿತು.

ಪ್ರವೀಣ ಫೋನಲ್ಲಿ ಗೋಗರೆಯುತ್ತಿದ್ದ. "ಅಣ್ಣಾ... ಕಾರು ಸುಟ್ಟೋತಣ್ಣ... ನಾ ಹಾಡು ಹಚ್ಚಿದ್ದಿಲ್ಲಣ್ಣ, ದೇವ್ರಾಣಿ!" ಮೂಕಣ್ಣ ಏನು ಹೇಳಿದನೋ. ಅವನು ಸಂಡೂರಿನ ಕಡೆ ಹೋಗಲಿಲ್ಲ. ಹೊಸಪೇಟೆ ಕಡೆಯ ಲಾರಿ ಹತ್ತಿದ.

ಜಂಬಣ್ಣ ರಸ್ತೆ ಬದಿ ಕೂತ. ಮುಖವೆಲ್ಲ ಕೆಂಪು ಧೂಳು.

"ಆ ಕೊಳವಿ ಒಳಗ ಯಾವ ವೈರ್ ಇತ್ರಿ?" ಕೇಳಿದೆ.

ಮುಖ ಒರೆಸಿಕೊಂಡ.

"ಟೇಬಲ್ ಫ್ಯಾನಿಂದು. ಮನಿಯಾಗ ಬಿದ್ದಿತ್ತು."

ದಾರದಂಥ ವೈರು, ಆಂಪ್ ಜಾಸ್ತಿ ಕರೆಂಟ್ ಎಳೆದರೆ ಪಂಪ್ ನಿಲ್ಲುತ್ತೆ, ವೈರ್ ಸುಡುತ್ತೆ. ಬೈಯೋಕೆ ಬಾಯಿ ತೆರೆದೆ. ಮುಚ್ಚಿದೆ. ಅದಕ್ಕೆ ಅಷ್ಟು ದೊಡ್ಡ ಆಂಪ್ ಕಟ್ಟಿದ್ದು ನಾನೇ. ವಾಲ್ಯೂಮ್ ನಲವತ್ತು ಮಾಡಿದ್ದೂ ನಾನೇ.

ಪೊಲೀಸ್ ಬಂದರು. ಗಾಡಿ ನಂಬರ್ ಕೇಳಿದರು. ಇಲ್ಲ ಅಂದೆವು. ಪೆನ್ನು ಜೇಬಿಗಿಟ್ಟು ಹೋದರು.

ಈಗ ನಿಮ್ಮ ಓಪನ್ ಜೀಪಿಗೆ ಸ್ಪೀಕರ್ ಬೇಕು ಅಂತೀರಿ. ಹಾಕೋಣ. ಮೊದಲು ಹೇಳಿ, ತೂತು ಹೊಡೆಯೋಕೆ ಬಿಡ್ತೀರಾ?

ಯಾಕೆ ಕೇಳ್ತೀನಿ ಅಂದರೆ, ಅವತ್ತು ಹೋದದ್ದು ಒಂದು ರೇಡಿಯೋ, ಒಂದು ಆಂಪ್, ಎರಡು ಸ್ಪೀಕರ್, ಒಂದು ಚಾಕು, ಇನ್ನೂರ ಎಂಟು ಭಾನುವಾರ. ಕಾಗದದ ಪ್ರಕಾರ ಕಾರು, ಸೊನ್ನೆ.