ಕಾರಿನ ಪರದೆಯ ಮೇಲಿನ ಕರಡಿ

ಬಾಬಣ್ಣ ಮೊದಲನೆಯ ಮಿರ್ಚಿ ಬಜ್ಜಿಯನ್ನು ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಸುನಿಲಕುಮಾರ ತನ್ನ ಕಾರಿನ ಡ್ರೈವರ್ ಶಫೀಕನ ಕೊರಳಪಟ್ಟಿ ಹಿಡಿದು ಎಳೆದುಕೊಂಡು ಬುಡ್ಡೇಸಾಬನ ಪಡಸಾಲೆಗೆ ನುಗ್ಗಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದರೆ ಇದೇ. ಬೆಟಗೇರಿಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಬಾಬಣ್ಣನಿಗೆ ವಾರಕ್ಕೊಂದೇ ಬಿಡುವು. ಅದನ್ನು ಅವನು ಗೆಳೆಯ ಬುಡ್ಡೇಸಾಬನ ಮನೆಯಲ್ಲೇ ಕಳೆಯುತ್ತಿದ್ದ. ಗೆಳೆಯನೋ, ಪೊಲೀಸ್ ನೌಕರಿಯಿಂದ ನಿವೃತ್ತನಾದರೂ ಪತ್ತೇದಾರಿಕೆ ಬಿಟ್ಟವನಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದಲೂ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಬಾಬಣ್ಣನ ಮಿರ್ಚಿ ತಣ್ಣಗಾದದ್ದನ್ನು ಕೇಳುವವರಿರಲಿಲ್ಲ.

"ಕಾಕಾ, ಇವನ್ನ ಠಾಣೆಕ್ಕ ಒಯ್ಯಾಕ ಹೊಂಟಿದ್ದೆ," ಎಂದು ಸುನಿಲಕುಮಾರ ಏದುಸಿರು ಬಿಟ್ಟ. "ನಮ್ಮಪ್ಪನ ದನಿ ಕದ್ದಾನ ಈ ಹಲ್ಕಟ್ಟ!"

"ಮೊದಲ ಅವನ ಕೊರಳ ಬಿಡು," ಎಂದ ಬುಡ್ಡೇಸಾಬ. "ಕುಂಡ್ರು. ಸಾವಕಾಶ ಹೇಳು."

ಸುನಿಲಕುಮಾರ ನೇಕಾರರ ಮನೆಯವನು. ಕೈಮಗ್ಗ ತೆಗೆದು ಮನೆಯಲ್ಲೇ ವಿದ್ಯುತ್ ಮಗ್ಗ ಹಾಕಿದ್ದ. ಅವನ ಅಪ್ಪ ಕತೆ ಹೇಳುವುದರಲ್ಲಿ ಎತ್ತಿದ ಕೈ. ಸಾಯುವ ಮುಂಚೆ ಮೊಮ್ಮಕ್ಕಳಿಗೆಂದು ಮೊಬೈಲಿನ ಎದುರು ಕೂತು ಒಂದಿಷ್ಟು ಕತೆ ಹೇಳಿದ್ದ. ಆ ಮೊಬೈಲ್ ನೀರಿಗೆ ಬಿದ್ದು ಹಾಳಾಯಿತು. ಕತೆಗಳು ಉಳಿದದ್ದು ಒಂದು ಪೆನ್ ಡ್ರೈವಿನಲ್ಲಿ ಮಾತ್ರ. ಅದು ಸದಾ ಕಾರಿನ ಹಿಂಬದಿ ಸೀಟಿನ ಎದುರಿನ ವಿಡಿಯೊ ಪರದೆಗೆ ಸಿಕ್ಕಿಸಿಯೇ ಇರುತ್ತಿತ್ತು. ಅಮಾವಾಸ್ಯೆಗೆ ನೇಕಾರರು ಮಗ್ಗ ಮುಟ್ಟುವುದಿಲ್ಲವಾದ್ದರಿಂದ ಅಂದು ಮನೆಮಂದಿಯೆಲ್ಲ ಮುಂಡರಗಿ ದಾಟಿ ಕೊರ್ಲಹಳ್ಳಿಗೆ ಹೊಳೆಸ್ನಾನಕ್ಕೆ ಹೋಗುವುದು ರೂಢಿ. ದಾರಿಯುದ್ದಕ್ಕೂ ಮಕ್ಕಳಿಗೆ ಅಜ್ಜನ ಕತೆ.

"ನಿನ್ನೆ ಹೋಗೂವಾಗ ಅಪ್ಪನ ಕತಿ ಹತ್ತಿತ್ತರಿ. ಸ್ನಾನಾ ಮುಗಿಸಿ ವಾಪಸ್ ಬರೂವಾಗ ಚಾಲೂ ಮಾಡಿದ್ರ ಯಾವುದೋ ಕರಡಿ ಕುಣ್ಯಾಕತ್ತಿತ್ತು! ಪೆನ್ ಡ್ರೈವ್ ಬ್ಯಾರೇದು. ಕಾರಿನ ಕೀಲಿ ಇವನ ಕಡೆ ಇತ್ತು. ನನ್ನ ಮಕ್ಕಳು ಅಜ್ಜನ ದನಿ ಇನ್ನೆಲ್ಲಿ ಕೇಳಬೇಕರಿ?" ಎಂದ ಸುನಿಲಕುಮಾರ.

"ಅಲ್ಲಾನ ಆಣಿ, ನಾ ಮುಟ್ಟಿಲ್ಲರಿ," ಎಂದ ಶಫೀಕ. "ಒಣಾ ಸೀರಿ ಅರಿವಿ ತಗೊಳ್ಳಾಕ ಮನಿ ಹೆಣ್ಮಕ್ಕಳೆಲ್ಲಾ ಗಾಡಿಗೆ ಬಂದಿದ್ರು. ಕಳ್ಳ ಅಂತ ಹೆಸರ ಬಂದ್ರ ಈ ಊರಾಗ ನನಗ ಯಾರ ಗಾಡಿ ಕೊಡ್ತಾರ್ರಿ?"

"ಗಾಡ್ಯಾಗ ಏನ ನೋಡಬೇಕು ಅಂತ ನಿಮ್ಮನ್ಯಾಗ ಜಗಳ ಇತ್ತೇನು?" ಎಂದು ಬುಡ್ಡೇಸಾಬ ಸುನಿಲಕುಮಾರನನ್ನು ಕೇಳಿದ.

"ಇಲ್ಲದ ಏನರಿ! ನಮ್ಮವ್ವ ರಾಮವ್ವಗ ಭಜನಿ ಬೇಕು. ಮಗಳು ವಿದ್ಯಾಶ್ರೀಗ ಕುಣಿಯೂ ಹಾಡ ಬೇಕು. ಈ ಶಫೀಕಗ ಪರದೆನ ಬ್ಯಾಡ, ಕನ್ನಡ್ಯಾಗ ಬೆಳಕ ಹೊಡಿತೈತಿ ಅಂತಾನ. ನನ್ನ ಹೆಂಡತಿ ಬನಶಂಕರಿ ಒಬ್ಬಾಕಿ ಏನೂ ಅಂದಾಕಿ ಅಲ್ಲ."

"ಮಗಾ?"

"ಸೋಮೇಶ? ಆರ ವರ್ಷದಾಂವ. ಹ್ವಾದ ವರ್ಷ ಜ್ವರ ತಲಿಗೇರಿ ಸಾಯೂದರಾಗ ಉಳದ. ಅವತ್ತಿನಿಂದ ಭಾಳ ಹಟಮಾರಿ ಆಗ್ಯಾನ."

ಬುಡ್ಡೇಸಾಬ ಎದ್ದು ನೇರ ಹೊರಗೆ ನಿಂತಿದ್ದ ಕಾರಿನಲ್ಲಿ ಕೂತು ಪರದೆ ಹಚ್ಚಿದ. ಬಾಬಣ್ಣನೂ ಪಕ್ಕದಲ್ಲಿ ತೂರಿಕೊಂಡ. ಕರಡಿಯೊಂದು ಜೇನುಹುಳಗಳಿಗೆ ಹೆದರಿ ಓಡುತ್ತಿತ್ತು. ಅದರ ಬಾಯಲ್ಲಿ ಯಾವ ದೇಶದ್ದೋ ಭಾಷೆ. ಎರಡನೆಯ ವಿಡಿಯೊದಲ್ಲಿ ದಪ್ಪನೆಯ ಮನುಷ್ಯನೊಬ್ಬ ಮೆಟ್ಟಿಲ ಮೇಲೆ ಜಾರಿ ಜಾರಿ ಬಿದ್ದ. ಮೂರನೆಯದರಲ್ಲಿ ಬಾತುಮರಿಗಳು ಕೆರೆ ದಾಟುತ್ತಿದ್ದವು, ಆದರೆ ಕಿರ್ರೆನ್ನುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

"ಇದೇನೋ ಮಾರಾಯಾ, ದನೀನ ಕೆಟ್ಟೈತಿ!" ಎಂದ ಬಾಬಣ್ಣ. "ಇಂಥಾದ್ದನ್ನ ಯಾವ ಹುಡುಗ ನೋಡತೈತಿ?"

"ಸೋಮೇಶ ನೋಡಿದ್ನಲ್ರಿ," ಎಂದ ಶಫೀಕ. "ಹೊಟ್ಟಿ ಹಿಡಕೊಂಡು ನಕ್ಕ. ಅಜ್ಜನ ಕತಿ ಇದ್ದಾಗ ಆ ಕೂಸು ಸುಮ್ಮನ ಅಕ್ಕನ ಮಾರಿ ನೋಡಕೋಂತ ಕುಂಡ್ರತಿತ್ತು. ಕತಿ ಮುಗದ ಕೂಡಲೆ ಸುನಿಲಣ್ಣಾರು, 'ಅಜ್ಜ ಏನ ಹೇಳಿದಾ ಹೇಳು' ಅಂತಿದ್ರು. ಅಂವ ಬಾಯಿ ಬಿಡ್ತಿದ್ದಿಲ್ಲ. ಪ್ರತೀ ಸಲ ಏಟು ಬೀಳ್ತಿದ್ವು. ನಿನ್ನೇನೂ ಬಿದ್ದಾವರಿ."

ಸುನಿಲಕುಮಾರ ತಲೆ ತಗ್ಗಿಸಿದ. ಬಾಬಣ್ಣನ ತಲೆಯಲ್ಲಿ ಮಾತ್ರ ಕಳ್ಳರ ಹೆಸರು ಪಕ್ಕಾ ಆಗಿಹೋಗಿತ್ತು. ತಮ್ಮನ ಏಟು ನೋಡಲಾರದೆ ವಿದ್ಯಾಶ್ರೀಯೇ ಮಾಡಿದ್ದಾಳೆ, ಇದಕ್ಕೆ ಪತ್ತೇದಾರ ಬೇರೆ ಬೇಕೆ ಎಂದು ಅವನು ಒಳಗೊಳಗೇ ಉಬ್ಬಿದ.

ಎಲ್ಲರೂ ಅದೇ ಕಾರಿನಲ್ಲಿ ಹೊರಟು ಸುನಿಲಕುಮಾರನ ಮನೆಯ ಹೊಸ್ತಿಲು ದಾಟಿದರೆ ಮಗ್ಗಗಳ ಖಟಪಟದಲ್ಲಿ ಎದೆಯೇ ನಡುಗುತ್ತಿತ್ತು. ಅಲ್ಲಿ ಬಾಯಿಗಿಂತ ಕೈಯೇ ಹೆಚ್ಚು ಮಾತಾಡುತ್ತಿತ್ತು. ಬನಶಂಕರಿ ಕೈಯನ್ನು ಬಾಯತ್ತ ಒಯ್ದು ಚಹಾ ಬೇಕೇ ಎಂದು ಕೇಳಿದಳು. ಗೋಡೆಗೆ ಮುಖ ಮಾಡಿ ಆಡುತ್ತಿದ್ದ ಸೋಮೇಶನ ಭುಜ ತಟ್ಟಿ, ಅಂಗಿ ಹಾಕಿಕೊ ಎಂದು ಸನ್ನೆ ಮಾಡಿದಳು. ರಾಮವ್ವ ಬಾಬಣ್ಣನ ಕಿವಿಯ ಹತ್ತಿರ ಬಂದು ಸೊಸೆಯ ಮೇಲೆ ಚಾಡಿ ಕಿರುಚಿದಳು: "ಮನ್ಯಾಗ ಗಾಡಿ ಐತಿ, ಡ್ರೈವರ ಅದಾನ! ಆದ್ರೂ ಈಕಿ ಹುಡುಗನ್ನ ಕರಕೊಂಡು ಹುಬ್ಬಳ್ಳಿಗೆ ತಂಗಿ ಮನಿಗೆ ಬಸ್ಸಿನ್ಯಾಗ ಹೊಕ್ಕಾಳ, ನೋಡಪಾ!"

ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳು ಒಮ್ಮೆಲೇ ನಿಂತವು. ರಾಮವ್ವ ನಾಚಿಕೊಂಡು ದನಿ ಇಳಿಸಿದಳು. ಮನೆ ಸ್ತಬ್ಧವಾಯಿತು. ಆ ನಿಶ್ಶಬ್ದದಲ್ಲಿ, ಗೋಡೆಗೆ ಮುಖ ಮಾಡಿದ್ದ ಸೋಮೇಶ ಮಗ್ಗದ ಸದ್ದನ್ನೂ ಮೀರಿಸುವ ಹಾಗೆ ಕಿರುಚಿದ: "ಅವ್ವಾ, ಹಸಿವಾಗೈತಿ!"

ಬಾಬಣ್ಣ ಬೆಚ್ಚಿದ. ಬುಡ್ಡೇಸಾಬನ ಮುಖ ಮಾತ್ರ ಕಪ್ಪಿಟ್ಟಿತು. ಎಷ್ಟೋ ಕಳ್ಳರನ್ನು ಹಿಡಿದ ಗೆಳೆಯನ ಮುಖದಲ್ಲಿ ಇಷ್ಟು ಸಂಕಟವನ್ನು ಬಾಬಣ್ಣ ಎಂದೂ ಕಂಡಿರಲಿಲ್ಲ.

"ಕರೆಂಟ ಬಂದ್ರೂ ಮಗ್ಗ ಹಚ್ಚಬ್ಯಾಡ್ರಿ," ಎಂದ ಬುಡ್ಡೇಸಾಬ. "ಎಲ್ಲಾರೂ ಇಲ್ಲೇ ಕುಂಡ್ರಿ. ಶಫೀಕ, ನೀನೂ ಬಾ."

ಎಲ್ಲರೂ ಕೂತರು. ಸೋಮೇಶ ಮೂಲೆಯಲ್ಲಿ ರೊಟ್ಟಿ ತಿನ್ನುತ್ತಿದ್ದ.

"ಪೆನ್ ಡ್ರೈವ್ ಕದ್ದವರು ಸುಮ್ಮನ ಕದೀಲಿಲ್ಲ, ಜಾಗಾಕ್ಕ ಇನ್ನೊಂದ ಇಟ್ರು. ಅಂದ್ರ ಮೊದಲ ತಯಾರ ಮಾಡಿದ್ರು. ಶಫೀಕಗ ಪರದೆನ ಬ್ಯಾಡ, ಅಂವ ಯಾಕ ಬ್ಯಾರೇದ ತರ್ತಾನ? ರಾಮವ್ವ ಇಟ್ಟಿದ್ರ ಭಜನಿ ಇರತಿದ್ವು. ವಿದ್ಯಾಶ್ರೀ ಇಟ್ಟಿದ್ರ ಹಾಡ ಇರತಿದ್ವು."

ಬಾಬಣ್ಣ ಉಬ್ಬಿದ್ದೆಲ್ಲ ಇಳಿದುಹೋಯಿತು.

"ಅದರಾಗ ಇದ್ದಿದ್ದೇನು? ಒಂದರಾಗ ಯಾರಿಗೂ ತಿಳೀಲಾರದ ಭಾಷಾ, ಇನ್ನೊಂದರಾಗ ದನಿ ಕೆಟ್ಟೈತಿ. ಕಿವಿಯಿಂದ ಕೇಳಿ ಆರಿಸಿದವರು ಇಂಥಾವ ಆರಸ್ತಾರೇನು? ಇವನ್ನ ಆರಿಸಿದವರು ದನಿ ಬಂದ್ ಮಾಡಿ, ಬರೇ ಕಣ್ಣಿಂದ ನೋಡಿ ಆರಿಸ್ಯಾರ. ಯಾಕಂದ್ರ ನೋಡೂ ಕೂಸಿಗೆ ಕಣ್ಣಷ್ಟ ಸಾಕಾಗಬೇಕಿತ್ತು."

ಸುನಿಲಕುಮಾರ ಕಣ್ಣು ಪಿಳುಕಿಸಿದ. "ಅಂದ್ರ?"

"ಬ್ಯಾರೆ ಮನ್ಯಾಗಾಗಿದ್ರ ವಾರದಾಗ ಗೊತ್ತಾಗತಿತ್ತಪಾ. ನಿಮ್ಮದು ಮಗ್ಗದ ಮನಿ. ಇಲ್ಲೆ ಎಲ್ಲಾರೂ ಭುಜಾ ತಟ್ಟಿ ಕರೀತೀರಿ, ಕೈಸನ್ನಿ ಮಾಡ್ತೀರಿ, ಕಿರುಚತೀರಿ. ಕೂಸೂ ಹಂಗ ಮಾಡಿದ್ರ ಯಾರಿಗೆ ಸಂಶೆ ಬರತೈತಿ? ಗಾಡಿ ಒಂದ ಸದ್ದಿಲ್ಲದ ಜಾಗಾ. ಅಲ್ಲಿ ನೀ ಪರೀಕ್ಷಾ ಮಾಡ್ತಿದ್ದಿ, ಅಂವ ಏಟ ತಿಂತಿದ್ದ. ಈಗಷ್ಟ ಮಗ್ಗ ನಿಂತ್ವು, ಎಲ್ಲಾರೂ ದನಿ ಇಳಿಸಿದ್ರು. ನಿಂತಿದ್ದು ಗೊತ್ತಾಗಲಿಲ್ಲ ಒಬ್ಬಂವಗ. ಜ್ವರ ಒಯ್ದದ್ದು ಅವನ ಕಿವಿ ಸುನಿಲ, ಅಂವ ಹಟಮಾರಿ ಅಲ್ಲ. ಬನಶಂಕರೀ, ನೀ ಹುಡುಗನ್ನ ಕರಕೊಂಡು ಬಸ್ಸಿನ್ಯಾಗ ಹ್ವಾದದ್ದು ಬರೇ ತಂಗಿ ಮನಿಗಲ್ಲ. ಹುಬ್ಬಳ್ಯಾಗ ಡಾಕ್ಟರು ಏನಂದ್ರವಾ?"

ಬನಶಂಕರಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಕಿವಿ ನರಾನ ಸತ್ತಾವಂದ್ರು ಕಾಕಾರ. ಕಿವಿಗೆ ಮಶೀನ ಹಾಕಿದ್ರೂ ದನಿ ಮುಟ್ಟೂದಿಲ್ಲಂತ. ಇನ್ನೊಬ್ಬರಿಗೂ ತೋರಿಸಿದೆ, ಅವರೂ ಅದನ್ನ ಅಂದ್ರು."

"ನನಗ್ಯಾಕ ಹೇಳಲಿಲ್ಲ ನೀ?" ಸುನಿಲಕುಮಾರ ಕೂಗಿದ.

"ಹೇಳಾಕ ಬಂದಿದ್ದೆ. ಮಗ್ಗ ನಡದಿತ್ತು. ನೀವು ಕೈ ಮಾಡಿ ಆಮ್ಯಾಲ ಅಂದ್ರಿ. ಮುಂದ ಧೈರ್ಯ ಆಗಲಿಲ್ಲ. ನಿಮ್ಮ ಲೆಕ್ಕದಾಗರ ಅಂವ ಚಲೋ ಇರ್ಲಿ ಅಂತ ಸುಮ್ಮನಾದೆ. ಆದ್ರ ಏಟ ನೋಡಾಕ ಆಗಲಿಲ್ಲರಿ. ಮಾವಾರ ಕತಿ ಮನ್ಯಾಗ ಮುಚ್ಚಿಟ್ಟಿದ್ರ ನೀವು ಹುಡುಕಿ ಮತ್ತ ಹಚ್ಚತಿದ್ರಿ. ಹೊಳ್ಯಾಗ ಒಗದುಬಿಟ್ಟೆ."

ರಾಮವ್ವ ಎದೆ ಬಡಿದುಕೊಂಡಳು. ಬನಶಂಕರಿ ಶಫೀಕನ ಕಡೆ ತಿರುಗಿ ಕೈಮುಗಿದಳು. "ನಿಮ್ಮ ಕೊರಳಿಗೆ ಬಂದ್ರೂ ಬಾಯಿ ಬಿಡಲಿಲ್ಲ ನಾ. ತಪ್ಪಾತರಿ ಅಣ್ಣಾ."

ಶಫೀಕ ಅವಳ ಮುಖ ನೋಡಲಿಲ್ಲ. ಕಾರಿನ ಕೀಲಿಯನ್ನು ಮಗ್ಗದ ಮೇಲೆ ಇಟ್ಟ. "ಹೆಸರ ಉಳಿಸಿದ್ರಿ ಕಾಕಾ, ಉಪಕಾರ ಆತು. ಈ ಗಾಡಿ ಇನ್ನ ನನ್ನ ಕೈಲೆ ಆಗೂದಿಲ್ಲ," ಎಂದು ಹೊರಟುಹೋದ. ಯಾರೂ ಅವನನ್ನು ತಡೆಯಲಿಲ್ಲ.

"ಕಾಕಾ," ಎಂದ ಸುನಿಲಕುಮಾರ, "ಹೊಳ್ಯಾಗ ಹುಡುಕಿಸಿದ್ರ ಸಿಗಬಹುದೇನ್ರಿ?"

"ಸಿಕ್ಕರ ಏನ ಮಾಡ್ತಿಯೋ?" ಎಂದ ಬುಡ್ಡೇಸಾಬ. ಕೇಳಿದ ಮೇಲೆ ಕೇಳಬಾರದಿತ್ತೆನಿಸಿ ಅವನೇ ಮುಖ ತಿರುಗಿಸಿಕೊಂಡ.

ಕರೆಂಟು ಬಂತು, ಗೋಡೆಯ ಬಲ್ಬು ಹತ್ತಿತು. ಯಾರೂ ಮಗ್ಗದ ಕಡೆ ಹೋಗಲಿಲ್ಲ. ಸುನಿಲಕುಮಾರ ಮೂಲೆಗೆ ಹೋಗಿ ಮಗನ ಎದುರು ಕೂತ. ಏಟು ಬೀಳುವುದೆಂದು ಹುಡುಗ ಮೊದಲು ಕೈ ಅಡ್ಡ ಹಿಡಿದ. ಅಪ್ಪ ಆ ಕೈಯನ್ನು ಮೆಲ್ಲಗೆ ಇಳಿಸಿ, ತನ್ನ ಎರಡು ಬೆರಳನ್ನು ತಲೆಯ ಮೇಲೆ ಕಿವಿಯಂತೆ ನಿಲ್ಲಿಸಿ ನರಿಯಾದ. ಅದು ಊರಿಗೇ ಗೊತ್ತಿದ್ದ ಅಜ್ಜನ ಕತೆಯ ನರಿಯೆಂದು ಬಾಬಣ್ಣನಿಗೆ ಗೊತ್ತಾಯಿತು. ಅಂಗೈ ಅಲುಗಿಸಿ ಸುನಿಲಕುಮಾರ ಹೊಳೆ ತೋರಿಸಿದ, ಬೆರಳುಗಳನ್ನು ನಡೆಸಿ ನರಿಯನ್ನು ದಂಡೆಗೆ ತಂದ. ಸೋಮೇಶನ ಮುಖ ಅರಳಿತು. ಹೊಳೆದಂಡೆಯಲ್ಲಿ ನರಿ ಮೊಸಳೆಗೆ ಒಂದು ಮಾತು ಹೇಳಬೇಕಿತ್ತು. ಕತೆಯ ಜೀವವೇ ಆ ಮಾತಿನಲ್ಲಿತ್ತು. ಸುನಿಲಕುಮಾರನ ಕೈಗಳು ಗಾಳಿಯಲ್ಲಿ ನಿಂತುಬಿಟ್ಟವು. ನೂಲು ಹರಿಯಿತು, ನೀರು ತಾ, ಉಣ್ಣಾಕ ಬಾ — ಮಗ್ಗದ ಸದ್ದಿನಲ್ಲಿ ಕಲಿತ ಇಷ್ಟೇ ಸನ್ನೆಗಳು ಅವನ ಕೈಗೆ ಬರುತ್ತಿದ್ದವು.

ಮುಂದೇನಾಯಿತು ಎಂದು ಸೋಮೇಶ ಅಪ್ಪನ ಕೈಗಳನ್ನೇ ನೋಡುತ್ತ ಕೂತಿದ್ದ.